ಹನ್ನೆರಡು ಹಾಳೆಗೆ ಅಮ್ಮ ಇಟ್ಟ ಕುಂಕುಮ

ಇದು ನಡೆದದ್ದು ಹೋದ ವರ್ಷದ ಹಿಂದಿನ ವರ್ಷ, ದಸರಾ ಹಬ್ಬದಲ್ಲಿ. ಮಗಳು ಸಿಂಚನಾ ಆಗ ಒಂಬತ್ತನೇ ಕ್ಲಾಸು. ನಾವಿರುವುದು ಚಾಮರಾಜಪೇಟೆಯಲ್ಲಿ. ಮನೆಯಲ್ಲಿ ನಾನು, ಹೆಂಡತಿ ಸವಿತಾ, ಸಿಂಚನಾ ಮತ್ತು ಎಪ್ಪತ್ತು ದಾಟಿದ ನನ್ನ ಅಮ್ಮ. ನಾನು ಸರ್ಕಾರಿ ಕಚೇರಿಯೊಂದರಲ್ಲಿ ಎಫ್‌ಡಿಎ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಮನೆಯವರೆಲ್ಲ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಸಿಟ್ಟು ಬರಿಸುವಂಥ ಕೆಲಸಗಳೇ ಹುಡುಕಿಕೊಂಡು ನನ್ನ ಪಾಲಿಗೆ ಬರುತ್ತವೆ, ಅಷ್ಟೆ.

ಸಿಂಚನಾಗೆ ಚಿಕ್ಕಂದಿನಿಂದ ಚಿತ್ರ ಬರೆಯುವ ಹುಚ್ಚು. ಕರೆಂಟ್ ಬಿಲ್ಲಿನ ಹಿಂಬದಿ, ಮದುವೆ ಕಾರ್ಡಿನ ಕವರು, ಯಾವುದನ್ನೂ ಬಿಟ್ಟವಳಲ್ಲ. ಗಣಿತದ ನೋಟ್ ಪುಸ್ತಕದಲ್ಲಿ ಗಣಿತದ ಮೇಡಂ ಚಿತ್ರವನ್ನೇ ಬರೆದು, ನನ್ನನ್ನು ಶಾಲೆಗೆ ಕರೆಸಿ ಉಗಿಸಿದ್ದಳು. ಎಂಟನೇ ಕ್ಲಾಸಿನಲ್ಲಿ ಶಾಲೆ ಬದಲಾಯಿಸಿದ ಮೇಲೆ ಮಾತ್ರ ಯಾಕೋ ಮಂಕಾಗಿಬಿಟ್ಟಳು. ಹೊಸ ಶಾಲೆಯಲ್ಲಿ ಗೆಳತಿಯರಿಲ್ಲ, ಮಾರ್ಕ್ಸ್ ಇಲ್ಲ, ಮನೆಗೆ ಬಂದರೆ ಮಾತಿಲ್ಲ. ಊಟಕ್ಕೆ ಬಾ ಎಂದರೆ ಬರುವಳು, ಏಳು ಎಂದರೆ ಏಳುವಳು. ಒಂದಿಡೀ ವರ್ಷ ಹೀಗೇ ಕಳೆಯಿತು. ನಮಗೆ ಒಳಗೊಳಗೇ ಭಯ.

ಅಂಥವಳು ಒಂದು ಸಂಜೆ ತಾನಾಗಿ ಬಂದು, ಮಲ್ಲೇಶ್ವರದಲ್ಲಿ ಒಬ್ಬರು ಡ್ರಾಯಿಂಗ್ ಮೇಷ್ಟ್ರು ಇದ್ದಾರಂತೆ, ಅವರ ಹತ್ತಿರ ಕಲಿಯಬೇಕು ಎಂದಳು. ಆ ವರ್ಷ ಅವಳು ಬಾಯಿ ಬಿಟ್ಟು ಕೇಳಿದ್ದು ಅದೊಂದನ್ನೇ. ಸವಿತಾ ಅಡುಗೆಮನೆಗೆ ಹೋಗಿ ಕಣ್ಣು ಒರೆಸಿಕೊಂಡಳು. ನಾನು ಮಾರನೆಯ ಭಾನುವಾರವೇ ಮಗಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೊರಟೆ.

ಮೇಷ್ಟ್ರು ಶಾಲೆಯಿಂದ ನಿವೃತ್ತರಾಗಿ ಇಪ್ಪತ್ತು ವರ್ಷವಾಗಿತ್ತು. ಸಂಗೀತದವರು, ನೃತ್ಯದವರು ಮಾಡುವಂತೆ ಇವರೂ ಹೊಸ ಮಕ್ಕಳನ್ನು ಸೇರಿಸಿಕೊಳ್ಳುವುದು ವಿಜಯದಶಮಿಯ ದಿನ ಮಾತ್ರ. ಅದೂ ನಾಲ್ಕೇ ಜನ. ಕಣ್ಣು ಮಂಜಾಗುತ್ತಿದೆ, ಹೊಸಬರನ್ನು ತೆಗೆದುಕೊಳ್ಳುವುದು ಇದೇ ಕೊನೆಯ ವರ್ಷ ಎಂದರು. ನನ್ನ ಕಡೆ ಸರಿಯಾಗಿ ತಿರುಗಿಯೂ ನೋಡದೆ ಒಂದು ಚೀಟಿ ಕೊಟ್ಟರು. ಇದರಲ್ಲಿರುವುದನ್ನೆಲ್ಲ ತಂದರೆ ಆ ದಿನ ಮಗುವಿನ ಕೈಲಿ ಬರೆಸಿ ನೋಡುತ್ತೇನೆ ಎಂದು ಹೇಳಿ ಬಾಗಿಲು ಹಾಕಿಕೊಂಡರು.

ಚೀಟಿಯ ಅಕ್ಷರ ನೋಡಿ ನನಗೆ ತಲೆ ಕೆಟ್ಟಿತು. ಚಿತ್ರ ಬರೆಯುವ ಕೈಯಿಂದ ಇಂಥ ಅಕ್ಷರ ಹೇಗೆ ಬರುತ್ತದೋ. ಮಗಳೇ ಓದಿ ಹೇಳಿದಳು. ಮುನ್ನೂರು ಜಿಎಸ್‌ಎಂ ಕೋಲ್ಡ್ ಪ್ರೆಸ್ ಹಾಳೆ ಹನ್ನೆರಡು, ಮೂರು ಥರದ ಪೆನ್ಸಿಲ್ಲು, ತುದಿ ಚೂಪಾದ ದುಂಡು ಬ್ರಷ್ ಮೂರು, ಒಂದು ಪುಟ್ಟಿ ರಬ್ಬರ್, ಬೋರ್ಡು, ಕ್ಲಿಪ್ಪು. ಬಣ್ಣ ಬೇಡ. ಬ್ರಷ್ ಬೇಕಂತೆ, ಬಣ್ಣ ಬೇಡವಂತೆ! ಕೊನೆಯಲ್ಲಿ, ಚಿತ್ರಗಳಿರುವ ಒಂದು ಪುಸ್ತಕ. ಅದನ್ನು ಮಗುವೇ ಆರಿಸಬೇಕು, ತಂದೆತಾಯಿ ಬಾಯಿ ಹಾಕಬಾರದು. ಅದರ ಕೆಳಗೆ ಕೆಂಪು ಗೆರೆ ಎಳೆದು ಬರೆದಿದ್ದರು: ಹಾಳೆ ಮಡಿಚಿರಬಾರದು, ಕಲೆಯಾಗಿರಬಾರದು, ಆಗಿದ್ದರೆ ದಯವಿಟ್ಟು ಬರಬೇಡಿ. ಗೇಟಿನ ಹತ್ತಿರ ಸಿಕ್ಕ ಇನ್ನೊಬ್ಬ ತಂದೆ, ಹಿಂದಿನ ವರ್ಷ ಮತ್ತಿಕೆರೆಯ ಒಂದು ಹುಡುಗಿ ಹಾಳೆಯನ್ನು ಸುರುಳಿ ಸುತ್ತಿ ತಂದಿದ್ದಕ್ಕೆ ಬಾಗಿಲಿನಿಂದಲೇ ವಾಪಸ್ ಕಳಿಸಿದರು ಎಂದು ಹೇಳಿ ನನ್ನನ್ನು ಇನ್ನಷ್ಟು ಹೆದರಿಸಿದರು.

ಕೋಲ್ಡ್ ಪ್ರೆಸ್ ಅನ್ನುವುದು ಎಣ್ಣೆಯಲ್ಲಿ ಅಲ್ಲವಾ ಬರೋದು ಎಂದು ಸವಿತಾ ಕೇಳಿದಳು. ನನಗೂ ಅಷ್ಟೇ ಗೊತ್ತಿದ್ದದ್ದು. ಮನೆಯ ಹತ್ತಿರದ ಸ್ಟೇಷನರಿ ಅಂಗಡಿಯವನಿಗೆ ಅಷ್ಟೂ ಗೊತ್ತಿರಲಿಲ್ಲ. ಚಾರ್ಟ್ ಪೇಪರ್ ತೆಗೆದಿಟ್ಟು, ಎಲ್ಲಾ ಒಂದೇ ಸಾರ್, ಮಕ್ಕಳು ತಾನೇ ಎಂದ. ಅಲ್ಲ ಎಂದರೆ ಥರ್ಮೋಕೋಲ್ ತೋರಿಸಿದ. ಗಾಂಧಿ ಬಜಾರಿಗೆ ಹೋದೆವು. ಆಯುಧ ಪೂಜೆಗೆ ಎರಡೇ ದಿನ. ರಸ್ತೆಯ ಉದ್ದಕ್ಕೂ ಬಾಳೆಕಂದು, ಬೂದುಗುಂಬಳಕಾಯಿ, ಸೇವಂತಿಗೆ ಹೂವಿನ ರಾಶಿ. ಸ್ಕೂಟರ್ ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಮುಕ್ಕಾಲು ಗಂಟೆ ಹೋಯಿತು. ಅಲ್ಲಿನ ಅಂಗಡಿಯಾಕೆ ಬಹಳ ಉತ್ಸಾಹದಿಂದ ನಲವತ್ತೆಂಟು ಬಣ್ಣದ ಡಬ್ಬಿ ತೋರಿಸಿದರು. ಬಣ್ಣ ಬೇಡ, ಬ್ರಷ್ ಕೊಡಿ ಎಂದೆ. ಬಣ್ಣ ಇಲ್ಲದೆ ಬ್ರಷ್ ಇಟ್ಟುಕೊಂಡು ಏನು ಮಾಡ್ತೀರಾ ಎಂದು ಕೇಳಿದರು. ಅದನ್ನೇ ನಾನೂ ಒಂದು ವಾರದಿಂದ ಕೇಳುತ್ತಿದ್ದೆ.

ಕೊನೆಗೆ ಅವೆನ್ಯೂ ರಸ್ತೆಯ ಹಿಂದಿನ ಒಂದು ಸಂದಿಯಲ್ಲಿ, ಕಲಾವಿದರೇ ಹೋಗುವ ಹಳೆಯ ಅಂಗಡಿಯೊಂದು ಸಿಕ್ಕಿತು. ಅಗಲ ಒಂದು ಆಳಿನಷ್ಟು, ಉದ್ದ ರೈಲಿನಷ್ಟು. ಮಾಲೀಕರು ಚೀಟಿ ನೋಡಿದವರೇ, ಮಲ್ಲೇಶ್ವರದ ಮೇಷ್ಟ್ರಾ ಎಂದು ಕೇಳಿ ನನ್ನನ್ನು ಕನಿಕರದಿಂದ ನೋಡಿದರು. ದಪ್ಪನೆಯ, ಮೈ ತರಿತರಿಯಾದ ಹನ್ನೆರಡು ಹಾಳೆ ಎಣಿಸಿ ಕೊಟ್ಟರು; ಕೋಲ್ಡ್ ಪ್ರೆಸ್ ಎಂದರೆ ಅದೇ ಅಂತೆ. ಒಂದು ಲೋಟ ನೀರು ತಂದು ಸಿಂಚನಾಳ ಮುಂದೆ ಇಟ್ಟು, ಬ್ರಷ್ಷನ್ನು ಅದ್ದಿ, ಒಮ್ಮೆ ಕೊಡವಿ ನೋಡು, ಕೂದಲು ತಾನಾಗಿ ಒಂದಾಗಿ ಸೂಜಿಯ ಹಾಗೆ ನಿಂತರೆ ತಗೋ, ಇಲ್ಲದಿದ್ದರೆ ಪಕ್ಕಕ್ಕಿಡು ಎಂದರು. ನನ್ನ ಮಗಳು ಒಂದೊಂದೇ ಬ್ರಷ್ಷನ್ನು ಅದ್ದಿ, ಕೊಡವಿ, ಬೆಳಕಿಗೆ ಹಿಡಿದು ನೋಡುತ್ತ ಮೂವತ್ತು ಬ್ರಷ್ಷುಗಳನ್ನು ಒದ್ದೆ ಮಾಡಿದಳು. ಹಿಂದೆ ಗಿರಾಕಿಗಳು ಸಾಲು ನಿಂತಿದ್ದಾರೆ. ನನ್ನ ಅಂಗಿಯ ಮೇಲೆಲ್ಲ ನೀರು. ಬೇಗ ಆರಿಸಮ್ಮ ಎಂದು ನಾನು ಮೂರು ಸಲ ಹೇಳಿದೆ. ಮೂರನೆಯ ಸಲ ಮಾಲೀಕರು ನನಗೆ ಹೊರಗೆ ಹೋಗಿ ಕಾಫಿ ಕುಡಿದು ಬರಲು ಹೇಳಿದರು.

ಪುಸ್ತಕದ್ದು ಇನ್ನೊಂದು ರಾಮಾಯಣ. ಬಸವನಗುಡಿಯ ಪುಸ್ತಕದಂಗಡಿಯಲ್ಲಿ ಮೂವತ್ತು ದಿನದಲ್ಲಿ ಚಿತ್ರ ಕಲಿಸುವ, ಇಟ್ಟಿಗೆಯಷ್ಟು ದಪ್ಪದ ಪುಸ್ತಕಗಳಿದ್ದವು. ಮುಖ ಬರೆಯುವುದು ಹೇಗೆ, ಕುದುರೆ ಬರೆಯುವುದು ಹೇಗೆ ಎಂದು ಪುಟಪುಟಕ್ಕೂ ತೋರಿಸಿದ್ದರು. ನನಗೆ ತುಂಬ ಇಷ್ಟವಾಯಿತು. ಸಿಂಚನಾ ಅದರ ಪಕ್ಕದಲ್ಲೇ ಹಾದುಹೋಗಿ, ಕೆಳಗಿನ ಕಪಾಟಿನ ಹತ್ತಿರ ನೆಲದ ಮೇಲೆ ಕೂತಳು. ಅದು ಎಲ್‌ಕೆಜಿ ಮಕ್ಕಳ ಕಪಾಟು. ಒಂದು ಗಂಟೆ ಅಲ್ಲೇ ಕೂತು, ಕಾಗೆಯೊಂದು ಮನೆಮನೆಯ ತಾರಸಿಗೆ ಹಾರುವ ಹದಿನಾರು ಪುಟದ ತೆಳ್ಳನೆ ಪುಸ್ತಕ ಎತ್ತಿಕೊಂಡು ಬಂದಳು. ಪುಟಕ್ಕೆ ಒಂದೇ ಸಾಲು. ಹದಿನಾಲ್ಕು ವರ್ಷದ ಹುಡುಗಿ. ಮೇಷ್ಟ್ರು ಏನೆಂದುಕೊಂಡಾರು? ಬಾಯಿ ಹಾಕಬಾರದು ಎಂದು ಬರೆದಿದ್ದರಲ್ಲ, ಹಲ್ಲು ಕಚ್ಚಿಕೊಂಡು ಸುಮ್ಮನಾದೆ.

ಮನೆಗೆ ಬಂದು ಎಲ್ಲವನ್ನೂ ಚಾಪೆಯ ಮೇಲೆ ಹರಡಿದಾಗ ಅಮ್ಮ ಹತ್ತಿರ ಬಂದು ಕೂತಳು. ಒಂದು ಹಾಳೆಯ ಅಂಚನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ನಿಧಾನಕ್ಕೆ ಸವರಿ, ಒಳ್ಳೆ ಕಾಗದ, ಹತ್ತಿಯದು ಎಂದಳು. ಅಮ್ಮನಿಗೆ ಓದು ಬರುವುದಿಲ್ಲ. ಅಪ್ಪ ತೀರಿಕೊಂಡಾಗ ನನಗೆ ಏಳು ವರ್ಷ. ಆಮೇಲೆ ಅವಳು ನಮ್ಮ ಪೇಟೆಯಲ್ಲೇ ಒಂದು ಬುಕ್ ಬೈಂಡಿಂಗ್ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷ ಅಚ್ಚಾದ ಹಾಳೆ ಮಡಿಸಿ, ಹೊಲಿದು, ಅಂಟು ಹಚ್ಚಿ ನನ್ನನ್ನು ಓದಿಸಿದಳು. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಗೊತ್ತಿರುವುದು ಬೇರೆ, ಬೇಕಾದ ಹೊತ್ತಿಗೆ ನೆನಪಾಗುವುದು ಬೇರೆ. ಅಮ್ಮ ಆ ಕಾಗೆಯ ಪುಸ್ತಕವನ್ನೂ ಮೊದಲಿನಿಂದ ಕೊನೆಯವರೆಗೆ ತಿರುವಿ ಹಾಕಿ, ಮೊಮ್ಮಗಳ ಜೊತೆ ಏನೋ ಮಾತಾಡಿ ನಗುತ್ತಿದ್ದಳು. ನಾನು ಟಿವಿ ನೋಡುತ್ತಿದ್ದೆ.

ಆಯುಧ ಪೂಜೆಯ ಬೆಳಿಗ್ಗೆ ನಾನು ಮನೆಯ ಮುಂದೆ ಸ್ಕೂಟರ್ ತೊಳೆಯುತ್ತಿದ್ದೆ. ಒಂದು ಕೈಯಲ್ಲಿ ಪೈಪು, ಇನ್ನೊಂದು ಕೈಯಲ್ಲಿ ಫೋನು. ಕಚೇರಿಯ ಗ್ರೂಪಿನಲ್ಲಿ ಹಿಂದಿನ ದಿನದ ಪೂಜೆಯ ಫೋಟೋ ಹಾಕಿ, ಸಿಹಿ ಯಾರಿಗೆ ಸಿಕ್ಕಿಲ್ಲ ಎಂಬ ಜಗಳ ನಡೆದಿತ್ತು. ಅಮ್ಮ ಬಾಗಿಲಿಗೆ ಬಂದು ಏನೋ ಕೇಳಿದಳು. ನಾನು, ಇಡಮ್ಮ, ಎಲ್ಲಾ ಇಡು ಎಂದೆ. ಏನು ಕೇಳಿದಳು ಎಂದು ಆಗ ನನ್ನ ಕಿವಿಗೆ ಬಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ನಮ್ಮ ಮನೆಯಲ್ಲಿ ಆಯುಧ ಪೂಜೆ ಎಂದರೆ ಅಮ್ಮನ ಹಬ್ಬ. ಈಳಿಗೆಮಣೆ, ಚಾಕು, ಮಿಕ್ಸಿ, ಹೊಲಿಗೆ ಯಂತ್ರ, ಸುತ್ತಿಗೆ, ನನ್ನ ಶೇವಿಂಗ್ ಸೆಟ್ಟು, ಯಾವುದೂ ತಪ್ಪುವಂತಿಲ್ಲ. ಪಕ್ಕದಲ್ಲಿ ಸರಸ್ವತಿಗೆ ಎಂದು ಪುಸ್ತಕಗಳು. ಎಲ್ಲದಕ್ಕೂ ಒದ್ದೆ ಅರಿಶಿನ, ಅದರ ಮೇಲೆ ಕುಂಕುಮ, ಒಂದೊಂದು ಹೂವು. ಇಟ್ಟ ಮೇಲೆ ಮಾರನೆಯ ದಿನ ಬೆಳಿಗ್ಗೆ ಮತ್ತೆ ಪೂಜೆ ಮಾಡಿ ಕದಲಿಸುವವರೆಗೆ ಮುಟ್ಟುವ ಹಾಗಿಲ್ಲ. ಆ ದಿನ ಪೂಜೆಯಾಯಿತು, ಪಾಯಸದ ಊಟವಾಯಿತು. ಮೂರು ಗಂಟೆ ಸುಮಾರಿಗೆ ನಾಳೆಗೆ ಎಲ್ಲ ಸರಿಯಾಗಿದೆಯಾ ನೋಡೋಣ ಎಂದು ಸಿಂಚನಾಳ ಮೇಜಿನ ಹತ್ತಿರ ಹೋದರೆ ಮೇಜು ಖಾಲಿ. ಬಂದು ದೇವರ ಮುಂದೆ ನೋಡಿದೆ.

ಹನ್ನೆರಡು ಹಾಳೆಗಳನ್ನೂ ಮೆಟ್ಟಿಲಿನ ಹಾಗೆ, ಒಂದರ ಕೆಳಗೊಂದು ಎರಡು ಬೆರಳಷ್ಟು ಅಂಚು ಕಾಣುವಂತೆ ಹರಡಿದ್ದಳು ಅಮ್ಮ. ಹನ್ನೆರಡು ಅಂಚಿಗೂ ಅರಿಶಿನ, ಹನ್ನೆರಡಕ್ಕೂ ಕುಂಕುಮ. ಬ್ರಷ್ಷುಗಳು ಕೆಂಪು, ಪೆನ್ಸಿಲ್ಲು ಕೆಂಪು. ಕಲಸಿದ ಹಿಟ್ಟಿನ ಹಾಗೆ ಮೆತ್ತಗಿದ್ದ ಪುಟ್ಟಿ ರಬ್ಬರನ್ನು ಮೆಲ್ಲಗೆ ಒತ್ತಿದೆ, ಕುಂಕುಮ ಅದರೊಳಗೇ ಇಳಿಯಿತು. ಮೇಷ್ಟ್ರ ಕೆಂಪು ಗೆರೆ ಕಣ್ಣ ಮುಂದೆ ಬಂತು. ಕಲೆಯಾಗಿದ್ದರೆ ದಯವಿಟ್ಟು ಬರಬೇಡಿ. ನಾಳೆ ಬೆಳಿಗ್ಗೆ ಹತ್ತಕ್ಕೆ ಹೋಗಬೇಕು, ಮುಂದಿನ ವರ್ಷ ಎನ್ನುವುದಿಲ್ಲ. ಸಿಂಚನಾ ಅಲ್ಲೇ ಪಕ್ಕದಲ್ಲಿ ನಿಂತಿದ್ದಳು. ಅವಳ ಮುಖ ನೋಡಲಾಗಲಿಲ್ಲ ನನಗೆ.

ಯಾವುದಾದರೂ ಅಂಗಡಿ ತೆಗೆದಿರುತ್ತದೇನೋ ನೋಡಿ ಎಂದು ಸವಿತಾ ಹೇಳಿದಳು. ಯಾರ ಜೊತೆಗೂ ಮಾತಾಡದೆ ಸ್ಕೂಟರ್ ಹತ್ತಿದೆ, ಎರಡೂ ಕಡೆ ಬಾಳೆಕಂದು ಕಟ್ಟಿಕೊಂಡೇ. ಅವೆನ್ಯೂ ರಸ್ತೆಯ ಅಂಗಡಿ ಪೂಜೆ ಮುಗಿಸಿ ಬಾಗಿಲು ಹಾಕಿತ್ತು. ಅಲ್ಲಿಂದ ಗಾಂಧಿ ಬಜಾರು, ಅದೂ ಇಲ್ಲ. ಹೋದಲ್ಲೆಲ್ಲ ಶಟರಿಗೆ ಹೂವಿನ ಹಾರ, ಮುಂದೆ ಒಡೆದ ಬೂದುಗುಂಬಳಕಾಯಿ. ಆ ಕುಂಬಳಕಾಯಿಯನ್ನು ನಟ್ಟನಡು ರಸ್ತೆಯಲ್ಲಿ ಒಡೆದು ಹೋಗುವ ಮಹಾನುಭಾವರಿಗೆ ಏನು ಹೇಳಬೇಕೋ. ವಾಪಸ್ ಬರುವಾಗ ನಮ್ಮ ರಸ್ತೆಯ ತಿರುವಿನಲ್ಲೇ ಅದರ ಮೇಲೆ ಚಕ್ರ ಜಾರಿ ಬಿದ್ದೆ. ದೊಡ್ಡ ಪೆಟ್ಟೇನಲ್ಲ. ಮೊಣಕೈ ತರಚಿಹೋಯಿತು, ಹಬ್ಬದ ಬಿಳಿ ಅಂಗಿ ಕೆಂಪಾಯಿತು, ಪಕ್ಕದ ಬೀದಿಯವರು ಎತ್ತಿ ನಿಲ್ಲಿಸಿದರು.

ಮನೆಗೆ ಬಂದೆ. ಬಾಗಿಲಲ್ಲಿ ಅಮ್ಮ. ರಕ್ತ ನೋಡಿ ಗಾಬರಿಯಾಗಿ, ಒಂದು ಬಟ್ಟಲಲ್ಲಿ ನೀರು, ಬಟ್ಟೆ, ಅರಿಶಿನದ ಡಬ್ಬಿ ತಂದಳು. ಆ ಅರಿಶಿನದ ಡಬ್ಬಿ ನೋಡಿದ್ದೇ ಮೈಯೆಲ್ಲ ಉರಿದುಹೋಯಿತು.

"ಏನ್ ಮಾಡಿದೀಯ ಗೊತ್ತಾ ನೀನು? ಆ ಮಗು ಒಂದ್ ವರ್ಷದಿಂದ ಕೇಳಿದ್ದು ಇದೊಂದೇ. ಹಾಳ್ ಮಾಡ್ಬಿಟ್ಟೆ" ಎಂದೆ.

"ಹಂಗಲ್ಲ ಕಣಪ್ಪಾ, ಸ್ವಲ್ಪ ಕೇಳು, ನಾನು..." ಎಂದಳು ಅಮ್ಮ.

"ಏನ್ ಕೇಳೋದು? ಅಕ್ಷರ ಬರ್ದೇ ಇರೋಳು ನೀನ್ಯಾಕಮ್ಮ ಕಾಗದ ಮುಟ್ಟೋಕೆ ಹೋಗ್ತೀಯ?"

ಇದನ್ನು ಹೇಳಿದ್ದು ನಾನೇ. ಸಿಟ್ಟಿನಲ್ಲಿ ಬಂತು ಎಂದು ಹೇಳಿಕೊಳ್ಳಬಹುದು. ಆದರೆ ಬಂದದ್ದು ನನ್ನ ಬಾಯಿಂದಲೇ. ಅಮ್ಮ ಬಟ್ಟಲನ್ನು ಕೆಳಗಿಟ್ಟು, ಸೆರಗು ಹೊದ್ದುಕೊಂಡು ಒಳಗೆ ಹೋದಳು. ಸವಿತಾ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಮಾತಾಡಿದ್ದು ಸಿಂಚನಾ.

"ಅಜ್ಜಿ ನಿನ್ನ ಕೇಳೇ ಇಟ್ಟಿದ್ದು ಅಪ್ಪಾ. ನೀನೇ ಇಡು ಅಂದೆ."

ನನಗೆ ಆಗಲೂ ಬುದ್ಧಿ ಬರಲಿಲ್ಲ. ಕೇಳಿದರೇನಂತೆ, ಇಡು ಎಂದರೆ ಪಕ್ಕದಲ್ಲಿಟ್ಟು ಹೂವು ಹಾಕಬೇಕು, ಹನ್ನೆರಡಕ್ಕೂ ಕುಂಕುಮ ಮೆತ್ತು ಎಂದೆನಾ ಎಂದು ಗೊಣಗಿಕೊಂಡೇ ಸಂಜೆ ಕಳೆದೆ. ಅಮ್ಮ ರಾತ್ರಿ ಊಟಕ್ಕೆ ಏಳಲಿಲ್ಲ.

ಬೆಳಿಗ್ಗೆ ಅಮ್ಮ ಎಂದಿನಂತೆ ಪೂಜೆ ಮಾಡಿ ಎಲ್ಲವನ್ನೂ ಕದಲಿಸಿದಳು. ಹಾಳೆಗಳನ್ನು ಮಾತ್ರ ಮುಟ್ಟಲಿಲ್ಲ. ನಾನೇ ಅವನ್ನು ಕೂಡಿಸಿ, ಎರಡು ರಟ್ಟಿನ ನಡುವೆ ಇಟ್ಟು, ದಾರ ಕಟ್ಟಿದೆ. ಹೋಗುವುದೇ ಬೇಡ ಎನ್ನಿಸಿತ್ತು. ಆದರೆ ಸಿಂಚನಾ ಆಗಲೇ ಸ್ನಾನ ಮಾಡಿ ಬಾಗಿಲಲ್ಲಿ ನಿಂತಿದ್ದಳು. ದಾರಿಯುದ್ದಕ್ಕೂ ಮೇಷ್ಟ್ರಿಗೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ಕಂಠಪಾಠ ಮಾಡುತ್ತ ಹೋದೆ.

ಮೇಷ್ಟ್ರ ಮನೆಯ ಹಜಾರದಲ್ಲಿ ಒಂಬತ್ತು ಮಕ್ಕಳು, ಒಂಬತ್ತು ಜೊತೆ ತಂದೆತಾಯಿಯರು. ಎಲ್ಲರ ಕೈಯಲ್ಲೂ ಹೊಳೆಯುವ ಚೀಲ, ಇಟ್ಟಿಗೆ ಗಾತ್ರದ ಪುಸ್ತಕ. ನಮ್ಮ ಸರದಿ ಬಂದಾಗ ಅವರು ದಾರ ಬಿಚ್ಚುವ ಮೊದಲೇ ನಾನು ಶುರು ಮಾಡಿದೆ. ಕ್ಷಮಿಸಬೇಕು ಸಾರ್, ನಿನ್ನೆ ಪೂಜೆಯಲ್ಲಿ ಹೀಗಾಯಿತು, ನಮ್ಮ ತಾಯಿಗೆ ಇದೆಲ್ಲ ತಿಳಿಯೋದಿಲ್ಲ, ಅಂಗಡಿಗಳೂ ಇರಲಿಲ್ಲ, ಮೊಣಕೈ ನೋಡಿ ಎಂದು ಒಂದೇ ಉಸಿರಿಗೆ ಒದರಿದೆ. ಮೇಷ್ಟ್ರು ಕೈ ಎತ್ತಿ ನನ್ನನ್ನು ಸುಮ್ಮನಾಗಿಸಿದರು. ಮೇಲಿನ ಹಾಳೆ ಎತ್ತಿ, ಕುಂಕುಮದ ಗುರುತು ನೋಡಿದರು. ತಿರುಗಿಸಿದರು. ಎರಡನೆಯದನ್ನು ತಿರುಗಿಸಿದರು. ಹೀಗೆ ಹನ್ನೆರಡನ್ನೂ ತಿರುಗಿಸಿ, ಹೆಬ್ಬೆರಳಿನಿಂದ ಸವರಿ, ಒಂದರ ಮೇಲೊಂದು ಇಟ್ಟರು. ತಿರುಗಿಸಿಟ್ಟ ಆ ಹಾಳೆಗಳ ಮೇಲೆ ಒಂದು ಚುಕ್ಕೆ ಇರಲಿಲ್ಲ. ಅರಿಶಿನ ಒಣಗಿ ಅಂಚಿನಲ್ಲೇ ಕಚ್ಚಿಕೊಂಡಿತ್ತು, ಆ ಕಡೆಯಿಂದ ಈ ಕಡೆಗೆ ಇಳಿದಿರಲಿಲ್ಲ.

"ಯಾರಿಗೆ ತಿಳಿಯಲ್ಲ ಅಂದ್ರಿ?" ಎಂದು ಕೇಳಿದರು.

ನಮ್ಮ ತಾಯಿಗೆ ಎಂದೆ.

"ಈ ಕಾಗದಕ್ಕೆ ಮುಖ ಬೇರೆ, ಬೆನ್ನು ಬೇರೆ. ನೋಡಿದ್ರೆ ಗೊತ್ತಾಗಲ್ಲ. ನನ್ನ ಹತ್ರ ಮೂರು ವರ್ಷ ಕಲ್ತೋರೂ ಬೆಳಕಿಗೆ ಹಿಡಿದು ತಡಕಾಡ್ತಾರೆ. ಇವರು ಹನ್ನೆರಡಕ್ಕೂ ಬೆನ್ನಿಗೇ ಇಟ್ಟಿದ್ದಾರೆ. ಒಂದೂ ತಪ್ಪಿಲ್ಲ. ಅದೂ ಅಂಚಿಗೆ, ಒಂದೇ ಅಳತೆಗೆ. ಹೀಗೆ ಮೆಟ್ಟಿಲು ಹರಡಿ ಅಂಚು ಬಿಡೋದು ಬೈಂಡಿಂಗ್‌ನೋರು. ಏನ್ ಮಾಡ್ತಿದ್ರು ನಿಮ್ಮ ತಾಯಿ?"

ನಾನು ಹಾಳೆಗಳ ಕಡೆ ನೋಡಿದೆ. ಸಿಂಚನಾ ಹೇಳಿದಳು, ಅಜ್ಜಿ ಪುಸ್ತಕ ಬೈಂಡ್ ಮಾಡ್ತಿದ್ರು ಎಂದು. ಮೇಷ್ಟ್ರು ಬ್ರಷ್ಷುಗಳನ್ನೂ ನೋಡಿದರು. ಕುಂಕುಮ ಇದ್ದದ್ದು ಹಿಡಿಕೆಯ ತುದಿಯಲ್ಲಿ, ಕೂದಲಿಗೆ ಸೋಂಕಿರಲಿಲ್ಲ. ಹೋಗಿದ್ದು ರಬ್ಬರ್ ಒಂದೇ, ಅದೂ ನಾನು ಒತ್ತಿದ್ದಕ್ಕೆ. ರಬ್ಬರನ್ನು ಆರು ತಿಂಗಳು ಕೊಡುವುದೇ ಇಲ್ಲ, ಬಿಡಿ ಎಂದರು ಮೇಷ್ಟ್ರು. ಹಾಗಾದರೆ ಚೀಟಿಯಲ್ಲಿ ಯಾಕೆ ಬರೆದಿರಿ ಸಾರ್ ಎಂದು ಕೇಳಿಯೇಬಿಟ್ಟೆ. ಅಂಗಡಿ ಅಂಗಡಿ ತಿರುಗದ ತಂದೆತಾಯಿಗಳು ಎರಡು ತಿಂಗಳಾದ ಮೇಲೆ ಮಗುವನ್ನು ಕಳಿಸುವುದೂ ಇಲ್ಲ, ಅದಕ್ಕೆ ಎಂದರು. ಬೇರೆ ದಿನವಾಗಿದ್ದರೆ ಅಲ್ಲೇ ಜಗಳ ಕಾಯುತ್ತಿದ್ದೆ.

ಆಮೇಲೆ ಕಾಗೆಯ ಪುಸ್ತಕ ತಿರುವಿದರು. ಇದೇ ಯಾಕೆ ಎಂದು ಸಿಂಚನಾಳನ್ನು ಕೇಳಿದರು. ಯಾವ ಪುಟದಲ್ಲೂ ಕಾಗೆ ಪೂರ್ತಿ ಇಲ್ಲ ಸಾರ್, ಒಂದರಲ್ಲಿ ಬರೀ ಕಾಲು, ಒಂದರಲ್ಲಿ ಬರೀ ನೆರಳು, ಆದರೂ ಎಲ್ಲಾ ಕಡೆ ಅದೇ ಕಾಗೆ ಅಂತ ಗೊತ್ತಾಗುತ್ತೆ ಎಂದಳು. ಆಮೇಲೆ, ಅಂಗಡಿಯಲ್ಲಿ ನನಗೆ ಚೆನ್ನಾಗಿದೆ ಅಂತ ಮಾತ್ರ ಅನ್ನಿಸಿತು, ಇದನ್ನು ತೋರಿಸಿದ್ದು ಅಜ್ಜಿ ಎಂದಳು. ಮೇಷ್ಟ್ರು ಹೂಂ ಎಂದು, ಅಂಗಳದ ಪರಂಗಿ ಗಿಡವನ್ನು ಬರೆಯಲು ಹೇಳಿ ಒಂದು ಹಾಳೆ ಕೊಟ್ಟರು. ನಾನು ಹೊರಗಿನ ಕಲ್ಲುಬೆಂಚಿನ ಮೇಲೆ ಒಂದೂವರೆ ಗಂಟೆ ಕೂತಿದ್ದೆ. ಆ ಒಂದೂವರೆ ಗಂಟೆಯಲ್ಲಿ ಮಗಳು ಹೇಗೆ ಬರೆಯುತ್ತಿದ್ದಾಳೆ ಎಂದು ನಾನು ಯೋಚಿಸಿದ್ದು ಕಡಿಮೆ.

ಸಿಂಚನಾಳನ್ನು ತೆಗೆದುಕೊಂಡರು. ಕುಂಕುಮ ನೋಡಿ ಅಲ್ಲ, ಅವಳು ಬರೆದ ಗಿಡ ನೋಡಿ. ಅದನ್ನು ಅವರೇ ನನಗೆ ಎರಡು ಸಲ ಹೇಳಿದರು. ದಾರಿಯಲ್ಲಿ ಅವಳು ಹಿಂದೆ ಕೂತು ಒಂದೇ ಸಮನೆ ಮಾತಾಡಿದಳು, ಒಂದು ವರ್ಷದ ಬಾಕಿಯೆಲ್ಲ ತೀರಿಸುವ ಹಾಗೆ. ನಾನು ಹೂಂ ಹೂಂ ಎನ್ನುತ್ತಿದ್ದೆ.

ಮನೆಯಲ್ಲಿ ಅಮ್ಮ ಮೆಂತ್ಯ ಸೊಪ್ಪು ಬಿಡಿಸುತ್ತ ಕೂತಿದ್ದಳು. ತಗೊಂಡರಾ ಎಂದು ಮೊಮ್ಮಗಳನ್ನು ಕೇಳಿದಳು. ಹೂಂ ಅಜ್ಜಿ ಎಂದು ಅವಳು ಹೋಗಿ ತಬ್ಬಿಕೊಂಡಳು. ನಾನು ಪಕ್ಕದಲ್ಲಿ ಕೂತು, ನಾನೂ ನಾಲ್ಕು ಕಡ್ಡಿ ಸೊಪ್ಪು ಎತ್ತಿಕೊಂಡು, ಮೇಷ್ಟ್ರು ಹೇಳಿದ್ದನ್ನೆಲ್ಲ ಹೇಳಿದೆ. ಒಂದೂ ತಪ್ಪಿಲ್ಲವಂತೆ, ಮೂರು ವರ್ಷ ಕಲಿತವರಿಗೂ ಗೊತ್ತಾಗಲ್ಲವಂತೆ. ಕ್ಷಮಿಸು ಎನ್ನುವ ಮಾತು ನಮ್ಮ ಮನೆಗಳಲ್ಲಿ ಮಗ ಅಮ್ಮನಿಗೆ ಹೇಳಿ ರೂಢಿಯಿಲ್ಲ. ಕಚೇರಿಯಲ್ಲಿ ದಿನಕ್ಕೆ ಹತ್ತು ಸಲ ಸಾರಿ ಎನ್ನುತ್ತೇನೆ, ಅಲ್ಲಿ ನಾಲಗೆ ತಿರುಗುತ್ತದೆ. ಇಲ್ಲಿ ಮೇಷ್ಟ್ರ ಮಾತಿನಲ್ಲೇ ಅದೂ ಸೇರಿಹೋಗಲಿ ಎಂದು ಆಸೆಪಟ್ಟೆ.

ಅಮ್ಮ ಸೊಪ್ಪಿನಿಂದ ತಲೆ ಎತ್ತದೆ, "ಅದನ್ನೇ ಹೇಳೋಕ್ ಬಂದೆ ಕಣಪ್ಪಾ" ಎಂದಳು. ಅಷ್ಟೇ.

ಆಮೇಲೆ ಅವಳು ಒಂದು ದಿನವೂ ಮುನಿಸಿಕೊಳ್ಳಲಿಲ್ಲ. ಆ ಮಾತನ್ನು ಮತ್ತೆ ಎತ್ತಲೂ ಇಲ್ಲ. ಸಿಂಚನಾ ಪ್ರತಿ ಭಾನುವಾರ ಮಲ್ಲೇಶ್ವರಕ್ಕೆ ಹೋಗುತ್ತಾಳೆ, ಈಗ ಅವಳಿಗೆ ಬಣ್ಣವೂ ಕೊಟ್ಟಿದ್ದಾರೆ. ಎಲ್ಲ ಸರಿಹೋಯಿತು ಎಂದೇ ನಾನು ಅಂದುಕೊಂಡಿದ್ದೆ, ಹೋದ ವರ್ಷದ ಆಯುಧ ಪೂಜೆಯವರೆಗೆ.

ಆ ಬೆಳಿಗ್ಗೆ ಅಮ್ಮ ಕುಂಕುಮದ ಬಟ್ಟಲು ಹಿಡಿದು ಮಿಕ್ಸಿಯ ಮುಂದೆ ನಿಂತು, ಇದಕ್ಕೆ ಇಡಬಹುದೇನಪ್ಪಾ ಎಂದು ಕೇಳಿದಳು. ಇಡಮ್ಮ ಎಂದೆ. 'ಹೊಲಿಗೆ ಯಂತ್ರಕ್ಕೆ?' ಇಡು. ತಾನು ಮದುವೆಯಾಗಿ ಬರುವಾಗ ತವರಿನಿಂದ ತಂದ ಈಳಿಗೆಮಣೆಯ ಮುಂದೆಯೂ ನಿಂತು ಕೇಳಿದಳು. ಐವತ್ತು ವರ್ಷದಿಂದ ಈ ಹಬ್ಬವನ್ನು ತನ್ನದಾಗಿ ಮಾಡಿಕೊಂಡು ಬಂದವಳು, ತನ್ನ ಮನೆಯಲ್ಲೇ ಒಂದೊಂದಕ್ಕೂ ಅಪ್ಪಣೆ ಕೇಳುತ್ತಿದ್ದಳು. ಮಾಡಿದ್ದು ನಾನು.

ಸಿಂಚನಾಳ ಹಾಳೆ, ಬೋರ್ಡಿನ ಹತ್ತಿರ ಬಂದಾಗ ನಾನು ಹೊರಗೆ ಸ್ಕೂಟರ್ ಒರೆಸುತ್ತಿದ್ದೆ. ಇದಕ್ಕೆ ಎಂದು ಒಳಗಿನಿಂದ ಕೇಳಿದಳು. ಅದನ್ನೇನು ಕೇಳೋದು, ಇಡಮ್ಮ, ಎಂದೆ ಅಲ್ಲಿಂದಲೇ.

ಅಮ್ಮ ಬಾಗಿಲಿಗೆ ಬಂದಳು. ಮುಖದಲ್ಲಿ ಸಿಟ್ಟಿರಲಿಲ್ಲ.

"ಅಲ್ಲಿಂದ್ಲೇ ಹೇಳ್ಬೇಡಪ್ಪ. ಬಂದು ನೋಡ್ಬಿಟ್ಟು ಹೇಳು" ಎಂದಳು.

ಕೈ ಒರೆಸಿಕೊಂಡು ಒಳಗೆ ಹೋದೆ. ಹಾಳೆಗಳನ್ನು ಒಂದೊಂದಾಗಿ ಎತ್ತಿ, ತಿರುಗಿಸಿ, ಹೆಬ್ಬೆರಳಿನಿಂದ ಸವರಿ ನೋಡಿದೆ. ಯಾವುದು ಮುಖ, ಯಾವುದು ಬೆನ್ನು ಎಂದು ನನಗೆ ಗೊತ್ತಾಗಲಿಲ್ಲ. ಈಗ ಇಡಮ್ಮ ಎಂದೆ. ಆಮೇಲೆ ಇಟ್ಟಳು.

ಈ ವರ್ಷವೂ ಕೇಳಿದಳು. ನಾನು ಎದ್ದು ಹೋಗಿ, ನೋಡಿ, ಹೇಳಿದೆ.